ಹತ್ತನೇ ಬಿ ವಿಭಾಗದವರು ಬರೆದುಕೊಟ್ಟದ್ದು

ಅಪ್ಪ ಸಬ್‌ರಿಜಿಸ್ಟ್ರಾರ್ ಕಚೇರಿಯ ಮೆಟ್ಟಿಲ ಬುಡದ ಬರಹಗಾರರು,
ಹಾಗಾಗಿ ತರಗತಿಯ ಆಸ್ತಿ ಹಂಚುವ ಕೆಲಸ ನನ್ನ ತಲೆಗೇ ಬಂತು.
ಹಾಳಾದ ಛಾಪಾ ಕಾಗದವೊಂದರ ಬೆನ್ನಿಗೆ, ಹಸಿರು ಶಾಯಿಯಲ್ಲಿ,
ಬಂದರಿನ ಶಾಲೆಯ ಹಂಚಿನ ಮಾಡಿನಡಿ, ಮಾರ್ಚಿನ ಸೆಕೆಯಲ್ಲಿ
ಶುರುಮಾಡಿದೆ:

ಹತ್ತನೇ ಬಿ ವಿಭಾಗದ ಮೂವತ್ತೊಂದು ಮಂದಿ ನಾವು
ಸ್ವಸ್ಥಚಿತ್ತರಾಗಿ (ಗಣಿತದ ಪರೀಕ್ಷೆಯ ದಿನಗಳು ಹೊರತು),
ಯಾರ ಒತ್ತಾಯವೂ ಇಲ್ಲದೆ, ಯಾವ ಅಮಲೂ ಇಲ್ಲದೆ
ಒಂಬತ್ತನೆಯವರಿಗೆ ಬರೆದಿಟ್ಟ ಕೊನೆಯ ಉಯಿಲು.

ಸ್ಥಿರಾಸ್ತಿ: ಹಿಂದಿನ ಬೆಂಚು, ಒಂದು.
ಚೆಕ್ಕುಬಂದಿ ಹೀಗೆ:
ಪೂರ್ವಕ್ಕೆ, ಹಿಡಿಸೂಡಿ ನಿಲ್ಲಿಸುವ ಮೂಲೆ;
ಪಶ್ಚಿಮಕ್ಕೆ ಕಿಟಕಿ, ಅದರಾಚೆ ಮಂಜಿ ಕಟ್ಟುವ ಧಕ್ಕೆ,
ಲಕ್ಷದ್ವೀಪಕ್ಕೆ ಹೊರಟ ಈರುಳ್ಳಿಯ ವಾಸನೆ ಸಹಿತ;
ಉತ್ತರಕ್ಕೆ ಗೋಡೆ, ತಲೆಯೆಣ್ಣೆಯ ಕಲೆ ಹದಿನಾರು;
ದಕ್ಷಿಣಕ್ಕೆ ಸೆವ್ರಿನ್ ಟೀಚರ ಕಣ್ಣು.
ಆ ಗಡಿಯ ತಕರಾರು ನಮ್ಮ ಕಾಲದಲ್ಲಿ ಇತ್ಯರ್ಥವಾಗಲಿಲ್ಲ.
ನೀವು ನೋಡಿಕೊಳ್ಳಿ.

ಚರಸೊತ್ತಿಗೆ ಬರೋಣ.
ಮನ್ಸೂರನ ಅಜ್ಜಿ. ಎಂಟನೆಯಿಂದ ಈವರೆಗೆ ಏಳು ಸಲ ತೀರಿಕೊಂಡಿದ್ದಾರೆ,
ಏಳು ಸಲವೂ ಮ್ಯಾಚಿನ ದಿನವೇ.
ಇನ್ನೂ ಗಟ್ಟಿ ಇದ್ದಾರೆ; ಒಂಬತ್ತನೆಯ ಅಶ್ಫಾಕನ ಹೆಸರಿಗೆ ಬರೆದಿದೆ.
ವರ್ಷಕ್ಕೆ ಎರಡಕ್ಕಿಂತ ಹೆಚ್ಚು ಸಲ ಸಾಯಿಸಬೇಡ ಮಾರಾಯ,
ಸುದ್ದಿ ಹೇಗೋ ತಿಳಿದು, ಮೊನ್ನೆ ಅಜ್ಜಿಯೇ
ತನ್ನ ಸಾವಿನ ಲೆಕ್ಕದಲ್ಲಿ
ತರಗತಿಗೆಲ್ಲ ಪತ್ತಿರಿ ಕಟ್ಟಿ ಕಳಿಸಿದ್ದರು.

'ದೋಣಿ ತಪ್ಪಿತು ಸಾರ್' ಎಂಬ ನೆಪ, ಬೆಂಗ್ರೆಯ ಮಕ್ಕಳಿಗೆ ಮಾತ್ರ.
ಕಂಕನಾಡಿಯಿಂದ ಬಸ್ಸಲ್ಲಿ ಬರುವ ಪ್ರಜ್ಞೇಶ
ಅದನ್ನು ಒಮ್ಮೆ ಬಳಸಿ ಪೆಟ್ಟು ತಿಂದದ್ದು ಶಾಲೆಗೆಲ್ಲ ಗೊತ್ತುಂಟು.

ಯತಿರಾಜನ ಅಟ್ಟಹಾಸ, ಬಣ್ಣದ ವೇಷದ್ದು,
ಪ್ರಾರ್ಥನೆಯ ಮೈಕನ್ನು ಎರಡು ದಿನ ಮಲಗಿಸಿದ್ದು,
ಅದು ಸಣಕಲು ಡೆನ್ಝಿಲನಿಗೆ.
ಮೊದಲು ಸರಿಯಾಗಿ ಉಣ್ಣಬೇಕು ಎಂಬುದು ಷರತ್ತು.

ಪ್ರಯೋಗಶಾಲೆಯ ಅಸ್ಥಿಪಂಜರದ ಕಿರುಬೆರಳು
ಎಲ್ಲಿ ಹೋಯಿತೆಂದು ಯಾರೂ ಹುಡುಕಬೇಡಿ.
ನಮ್ಮಲ್ಲೇ ಉಂಟು. ಕೊಡುವುದಿಲ್ಲ.

ಫೌಝಿಯಾ, ಮೂರು ವರ್ಷ 'ಹಾಜರ್' ಎಂಬುದೊಂದೇ ಮಾತಾಡಿದವಳು,
ನೀನೇನು ಬಿಡುತ್ತೀ ಎಂದರೆ ಬಹಳ ಹೊತ್ತು ಯೋಚಿಸಿ
ಕಿಟಕಿಯ ಕೆಳಗಿನ ಬಿರುಕು ತೋರಿಸಿದಳು:
"ಇಲ್ಲಿ ಕೆನ್ನೆ ಇಟ್ಟರೆ ನದಿಯ ಗಾಳಿ ಬರ್ತದೆ. ಅಳು ಬಂದಾಗ."
ಯಾರೂ ನಗಲಿಲ್ಲ.
ಯಾರ ಹೆಸರಿಗೆ ಎಂದು ಕೇಳಲು ಮರೆತೆ,
ಅಷ್ಟು ಜಾಗ ಖಾಲಿ ಬಿಟ್ಟಿದ್ದೇನೆ.

ರಾತ್ರಿ ಅಪ್ಪ ಗಂಜಿಯ ಬಟ್ಟಲು ಸರಿಸಿ, ಕನ್ನಡಕ ಹಾಕಿ ಓದಿದರು.
ಅಜ್ಜಿಯ ಕಲಮಿಗೆ ನಕ್ಕರು. ಬೆರಳಿನ ಕಲಮಿಗೆ ನನ್ನನ್ನೊಮ್ಮೆ ನೋಡಿದರು.
ಆಮೇಲೆ ಕಿಸೆಯ ಪೆನ್ನು ತೆಗೆದು 'ಉಯಿಲು' ಹೊಡೆದುಹಾಕಿದರು.
"ಉಯಿಲು ನಡೆಯುವುದು ಬರೆದವರು ಸತ್ತ ಮೇಲೆ, ಹರಿಣಾಕ್ಷಿ.
ನೀವು ಬದುಕಿದ್ದೀರಲ್ಲ, ದಾನಪತ್ರ ಅಂತ ಹಾಕು.
ಆದರೆ ದಾನ ಅಂದರೆ
ಅದೇ ದಿನ ಸ್ವಾಧೀನ ಬಿಟ್ಟುಕೊಡಬೇಕು, ಆಯ್ತಾ?"

ಮರುದಿನ, ಸಂಜೆ ನಾಲ್ಕು. ಓದಿ ಹೇಳಿದ್ದಾಯಿತು.
ಸಾಕ್ಷಿಗೆ ಸೆವ್ರಿನ್ ಟೀಚರು ಕೆಂಪು ಪೆನ್ನಲ್ಲೇ ಸಹಿ ಹಾಕಿ,
ಎರಡು ಕಾಗುಣಿತ ತಿದ್ದಿ, ಮಾರ್ಕು ಮಾತ್ರ ಕೊಡದೆ
ಸೆರಗು ಸರಿಮಾಡಿಕೊಳ್ಳುತ್ತ ಹೊರಗೆ ಹೋದರು.
ಇನ್ನು ಸ್ವಾಧೀನ. ಅಂದರೆ, ಏಳಬೇಕು.
ಐದು ಜನರ ಬೆಂಚಿನಲ್ಲಿ ಹನ್ನೊಂದು ಮಂದಿ,
ಮೊದಲು ನೀನು, ಇಲ್ಲ ನೀನು,
ಒಬ್ಬರೂ ಏಳುವುದಿಲ್ಲ.
ಬಾಗಿಲಲ್ಲಿ ಅಶ್ಫಾಕ, ಒಂದು ಕಾಲು ಒಳಗೆ,
ಕೈಯಲ್ಲಿ ನಮ್ಮ ದಾನಪತ್ರ:
"ಬೇಗ ಮಾಡಿ ಅಕ್ಕ. ದೋಣಿ ತಪ್ತದೆ."